ಕಾಣದ ಕಾಯಿಲೆಗೆ ಸಾಕ್ಷಿ ನಿಂತ ಶಿವಗಂಗಾ

ಆಂಧ್ರದ ಹಿಂದೂಪುರದ ಹೊರವಲಯದಲ್ಲಿರುವ ರೇಷ್ಮೆ ನೂಲು ತೆಗೆಯುವ ಘಟಕದ ಶೆಡ್ಡಿನಲ್ಲಿ ಬೆಳಕು ಹರಿಯುವ ಮೊದಲೇ ಬಾಯ್ಲರ್ ಹೊತ್ತಿಕೊಂಡಿದೆ. ಬೆಂದ ರೇಷ್ಮೆ ಗೂಡಿನ ಗಾಢ ವಾಸನೆ ರಸ್ತೆಯವರೆಗೂ ಬರುತ್ತದೆ. ಒಳಗೆ ಹೆಂಗಸರು ಸಾಲಾಗಿ ಬೇಸಿನ್‌ಗಳ ಮುಂದೆ ಕೂತು, ಬಿಸಿ ನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ರಾಟೆಗೆ ಕೊಡುತ್ತಿದ್ದಾರೆ. ಬಾಗಿಲಿನಾಚೆ, ಗಾಳಿ ಆಡುವ ಕಡೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬಾಕೆ ಮಾತ್ರ ಬೇರೆಯಾಗಿ ಕೂತಿದ್ದಾರೆ. ಕೊರಳಿಗೆ ಒದ್ದೆ ಟವೆಲ್. ಮುಂದೆ ಜಾಲರಿಯ ಮೇಲೆ ಹರವಿದ ಗೂಡಿನ ರಾಶಿ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಕಲೆ ಬಿದ್ದದ್ದು, ತೂತಾದದ್ದು ಎಲ್ಲವನ್ನೂ ಆರಿಸಿ ಪಕ್ಕದ ಬುಟ್ಟಿಗೆ ಹಾಕುತ್ತಾರೆ. ನಡುನಡುವೆ ತಲೆಯೆತ್ತಿ ಪೂರ್ವದ ಕಡೆ ನೋಡುತ್ತಾರೆ. ಸೂರ್ಯ ತಗಡಿನ ಮಾಡಿನ ಮೇಲೆ ಬರುವಷ್ಟರಲ್ಲಿ ಈ ರಾಶಿ ಮುಗಿಯಬೇಕು.

"ಬಿಸ್ಲು ಏರ್ತಾ ಹೋದಂಗೆ ನಾನು ಇಳೀತಾ ಹೋಯ್ತೀನಿ ಕಣಣ್ಣ" ಎನ್ನುತ್ತಾರೆ ಶಿವಗಂಗಾ. ನಗುತ್ತಲೇ ಹೇಳುತ್ತಾರೆ, ಆದರೆ ಕೈ ನಿಲ್ಲಿಸುವುದಿಲ್ಲ.

ವಯಸ್ಸು ನಲವತ್ತರ ಒಳಗೆ. ನೋಡಿದರೆ ಯಾವ ಕಾಯಿಲೆಯೂ ಕಾಣುವುದಿಲ್ಲ. ಎದ್ದು ನಡೆದಾಗ ಮಾತ್ರ ಬಲಗಾಲು ತುಸು ತಡವಾಗಿ ಬರುತ್ತದೆ, ಅಂಗೈ ತಾನಾಗಿ ಗೋಡೆ ಹುಡುಕುತ್ತದೆ. ಅವರಿಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ದೇಹವೇ ತಿನ್ನುವ ಕಾಯಿಲೆ. ಅಂಟುರೋಗವಲ್ಲ. ಮೈ ಬಿಸಿಯಾದರೆ ತೊಂದರೆ ಹೆಚ್ಚುತ್ತದೆ, ತಣ್ಣಗಾದರೆ ಇಳಿಯುತ್ತದೆ. ಔಷಧಿಯಿಂದ ಹಿಡಿದಿಡಬಹುದು, ಪೂರ್ತಿ ವಾಸಿ ಮಾಡಲು ಇನ್ನೂ ಆಗುವುದಿಲ್ಲ. ಯಾವಾಗ ಮತ್ತೆ ಹೊಡೆಯುತ್ತದೆ, ಎಲ್ಲಿಗೆ ಹೊಡೆಯುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಹಾಗಾಗಿ ಶಿವಗಂಗಾ ಪ್ರತಿದಿನ ಎಚ್ಚರವಾದ ಕೂಡಲೇ ಕಣ್ಣು ತೆರೆಯುವುದಿಲ್ಲ. ಮೊದಲು ಹೊದಿಕೆಯ ಒಳಗೇ ಕಾಲ್ಬೆರಳು ಆಡಿಸಿ ನೋಡುತ್ತಾರೆ. ಆಮೇಲೆ ಕೈಬೆರಳು. ಆಮೇಲೆ ಒಂದೊಂದೇ ಕಣ್ಣು. ಆ ಹೊತ್ತಿಗೆ ಪಕ್ಕದ ಚಾಪೆಯಿಂದ ಅತ್ತೆ ಸಣ್ಣಕ್ಕನ ಪ್ರಶ್ನೆ ಬರುತ್ತದೆ: "ಕಾಲು ಬಂತೇನಮ್ಮಾ?"

"ಬಂತು ಅಂದ್ರೆ ಅವತ್ತಿನ ದಿನ ನಂದು" ಎನ್ನುತ್ತಾರೆ ಶಿವಗಂಗಾ.

ಹುಟ್ಟಿದ್ದು ಕಲ್ಯಾಣದುರ್ಗದ ಹತ್ತಿರದ ಹಳ್ಳಿಯಲ್ಲಿ. ಮದುವೆಯಾಗಿ ಹಿಂದೂಪುರಕ್ಕೆ ಬಂದ ವರ್ಷವೇ ಈ ಘಟಕದಲ್ಲಿ ಕೆಲಸಕ್ಕೆ ಸೇರಿದರು. ಗಂಡ ನರೇಂದ್ರ ಸರಕು ಆಟೋ ಓಡಿಸುತ್ತಾರೆ, ಮಾರುಕಟ್ಟೆಯಿಂದ ಘಟಕಗಳಿಗೆ ಗೂಡಿನ ಚೀಲ ಸಾಗಿಸುತ್ತಾರೆ. ಬೇಸಿನ್ ಮುಂದೆ ಕೂತರೆ ಶಿವಗಂಗಾ ಬೆರಳಿಗೆ ಸಿಗದ ಎಳೆ ಇರಲಿಲ್ಲ ಎಂದು ಜೊತೆಗಾರ್ತಿ ಬೀರಕ್ಕ ಹೇಳುತ್ತಾರೆ. ಕೂದಲಿಗಿಂತ ತೆಳ್ಳಗಿನ ಆ ಎಳೆಯನ್ನು ಕಣ್ಣಿಗಿಂತ ಬೆರಳೇ ಮೊದಲು ಕಾಣಬೇಕು.

ಸುಮಾರು ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಬೆರಳು ಸತ್ತುಹೋದವು. ಗೂಡು ಬೇಯುವ ಪಾತ್ರೆಯಿಂದ ಜಾಲರಿ ಎತ್ತುವಾಗ ಶಿವಗಂಗಾ ಬಲಗೈ ಕುದಿಯುವ ನೀರಿನ ಒಳಗೇ ಇತ್ತು. ಅವರಿಗೆ ಗೊತ್ತಾಗಲೇ ಇಲ್ಲ.

"ಕೈ ಕೆಂಪಗೆ ಬೆಂದೋಗ್ತಾ ಐತೆ, ಇವ್ಳು ನನ್ ಜೊತೆ ಮಾತಾಡ್ಕೊಂಡು ನಗ್ತಾವ್ಳೆ. ನಂಗೆ ಜೀವ ಹೋದಂಗಾಗ್ಬುಡ್ತು" ಎಂದು ಬೀರಕ್ಕ ಈಗಲೂ ಎದೆಯ ಮೇಲೆ ಕೈಯಿಟ್ಟು ಹೇಳುತ್ತಾರೆ. "ಲೇ, ಕೈ ತಗಿಯೇ ಅಂತ ನಾನೇ ಕಿರುಚಿ ಎಳ್ದೆ."

ಸುಟ್ಟ ಗಾಯ ಮಾಯಿತು. ಕೆಲವು ವಾರಗಳಲ್ಲಿ ಬೆರಳಿನ ಸ್ಪರ್ಶವೂ ಮರಳಿತು. ನಿಶ್ಶಕ್ತಿ ಎಂದು ಡಾಕ್ಟರು ಟಾನಿಕ್ ಬರೆದರು, ಸಣ್ಣಕ್ಕ ತಾಯಿತ ಕಟ್ಟಿಸಿದರು. ವಾಸಿಯಾದದ್ದಕ್ಕೆ ಇಬ್ಬರಿಗೂ ಹೆಸರು ಬಂತು. ಮರುವರ್ಷ ಎಡಗಣ್ಣು ಮಂಜಾಯಿತು. ಕಣ್ಣು ಹೊರಳಿಸಿದರೆ ಒಳಗೆಲ್ಲೋ ನೋವು. "ಕುಂಕುಮ ಬೂದಿ ಬಣ್ಣ ಕಾಣ್ತಿತ್ತು. ಕನ್ನಡಕ ಹಾಕಿದ್ರೂ ಅಷ್ಟೇ." ಅದೂ ಸರಿಹೋಯಿತು. ಆಮೇಲೆ ಕಾಲಿನ ಸರದಿ. ತಲೆ ಬಗ್ಗಿಸಿದರೆ ಬೆನ್ನಿನಗುಂಟ ಕರೆಂಟ್ ಹೊಡೆದ ಹಾಗೆ. ಎದೆಯ ಸುತ್ತ ಹಗ್ಗ ಬಿಗಿದ ಹಾಗೆ. ಒಮ್ಮೆ ಬಜಾರಿನಲ್ಲಿ ತೂರಾಡಿ ಬಿದ್ದಾಗ ಅಂಗಡಿಯಾತ ಎಬ್ಬಿಸಲು ಬರಲಿಲ್ಲ. "ಏಮಮ್ಮಾ, ಪೊದ್ದುನ್ನೇ ತಾಗಿನಾವಾ?" ಎಂದು ಕೇಳಿದ. ಬೆಳಗಾಗೆದ್ದು ಕುಡಿದು ಬಂದಿದ್ದೀಯಾ ಎಂದು. ಸುತ್ತ ನಿಂತವರು ನಕ್ಕರು.

"ಬಿದ್ದಿದ್ದು ನೋವಾಗ್ಲಿಲ್ಲ. ಆ ನಗೂಗೆ ಮೂರು ದಿನ ಮನೆಯಿಂದ ಆಚೆ ಬರ್ಲಿಲ್ಲ ನಾನು."

ಮನೆಯ ಒಳಗೂ ಸುಖವಿರಲಿಲ್ಲ. ಇವತ್ತು ನಡೆಯಲಾರದ ಸೊಸೆ ಮುಂದಿನ ತಿಂಗಳು ಸರಿಯಾಗಿ ನಡೆಯುತ್ತಾಳೆ. ಬೆಳಿಗ್ಗೆ ಚೆನ್ನಾಗಿದ್ದವಳು ಮಧ್ಯಾಹ್ನ ಒಲೆಯ ಮುಂದೆ ಕುಸಿದು ಕೂರುತ್ತಾಳೆ. ನಾಟಕ ಎಂದು ಸಣ್ಣಕ್ಕ ಖಚಿತವಾಗಿ ನಂಬಿದ್ದರು. ಆ ಕಾಲದ ಮಾತು ಬಂದಾಗ ಸಣ್ಣಕ್ಕ ಎದ್ದುಹೋಗಿ ಸೊಸೆಯ ಟವೆಲ್ಲನ್ನು ಮತ್ತೆ ನೆನೆಸಿ ಹಿಂಡಿ ತರುತ್ತಾರೆ.

ಕಾಯಿಲೆಯ ಹೆಸರು ತಿಳಿದದ್ದು ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ, ಸ್ಕ್ಯಾನ್ ಆದ ಮೇಲೆ. "ಎಷ್ಟು ದಿನಕ್ಕೆ ವಾಸಿ ಆಯ್ತದೆ ಸಾರ್?" ಎಂದು ನರೇಂದ್ರ ಕೇಳಿದರು. ಡಾಕ್ಟರು ಅವರನ್ನು ಕೂರಿಸಿಕೊಂಡು ನಿಧಾನವಾಗಿ ಎಲ್ಲ ಹೇಳಿದರು. ಊರಿಗೆ ಮರಳುವ ದಾರಿಯಲ್ಲಿ ಆಂಧ್ರ ಗಡಿಯ ಕೊಡಿಕೊಂಡ ಚೆಕ್‌ಪೋಸ್ಟ್ ಬಂತು. ಅಲ್ಲಿ ಇಳಿದು ಲಾರಿಗಳ ಸಾಲಿನ ಪಕ್ಕ ಟೀ ಕುಡಿಯುವಾಗ ನರೇಂದ್ರ, "ಹೆಸ್ರಾದ್ರೂ ಗೊತ್ತಾಯ್ತಲ್ಲ. ಇಷ್ಟ್ ದಿನ ಅದೂ ಇರ್ಲಿಲ್ಲ" ಎಂದರು. ಅಂದೇ ಮೊದಲ ಬಾರಿಗೆ ಶಿವಗಂಗಾ ಬಾಯಿಬಿಟ್ಟು ಅತ್ತರು. ತಾನು ಸುಳ್ಳು ಹೇಳುತ್ತಿಲ್ಲ ಎಂದು ಕೊನೆಗೂ ಒಬ್ಬರು ಒಪ್ಪಿಕೊಂಡಿದ್ದರು.

ಆದರೆ ಹೆಸರು ಮನೆಯಾಚೆ ಹೋಗಲಿಲ್ಲ. ಬೇಸಿನ್ ಬಿಟ್ಟು ಗೂಡು ಆರಿಸುವ ಕೆಲಸ ಕೇಳಿ ಪಡೆದಾಗಲೂ ಸೊಂಟ ನೋವು ಎಂದಷ್ಟೇ ಹೇಳಿದರು. ಕೆಲಸ ಹೋಗುವ ಭಯ. ಮಗಳು ರೇವತಿಗೆ ನಾಳೆ ಸಂಬಂಧ ಸಿಗದ ಭಯ. ವರ್ಷಗಟ್ಟಲೆ ಅವರು ಈ ಗುಟ್ಟನ್ನು ಕಾದರು.

ಅದನ್ನು ಅವರೇ ಒಡೆದದ್ದು ತವರಿನಲ್ಲಿ. ನಾಲ್ಕು ಬೇಸಿಗೆಯ ಹಿಂದೆ ಅಣ್ಣನ ಮಗುವಿನ ನಾಮಕರಣಕ್ಕೆ ಹೋಗಿದ್ದಾಗ ಪಕ್ಕದ ಮನೆಯ ಅಂಗಳದಲ್ಲಿ ಗುಂಪು ಸೇರಿತ್ತು. ಆ ಮನೆಯ ಸೊಸೆ ಮೀನಾಗೆ ಆಗ ಇಪ್ಪತ್ತರ ವಯಸ್ಸು. ತಿಂಗಳುಗಳಿಂದ ಕಾಲು ಸರಿಯಿಲ್ಲ, ಒಂದು ಕಣ್ಣು ಮಂಜು. ಗಾಳಿ ಸೇರಿದೆ ಎಂದು ಮಾವ ಮುನೆಪ್ಪ ಬಿಡಿಸುವವನನ್ನು ಕರೆಸಿದ್ದರು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕೆಂಡದ ಮುಂದೆ ಮೀನಾಳನ್ನು ಕೂರಿಸಿ ಮೆಣಸಿನಕಾಯಿ ಹೊಗೆ ಹಾಕಿದ್ದರು. ಅಂಗಳಕ್ಕೆ ಬಂದಾಗ ಗೋಡೆ ಹಿಡಿದಾದರೂ ನಡೆಯುತ್ತಿದ್ದವಳ ಕಾಲು ಆ ಶಾಖಕ್ಕೆ ಪೂರ್ತಿ ಬಿದ್ದುಹೋಯಿತು. "ಕಣ್ಣು ಕಾಣ್ತಿಲ್ಲ" ಎಂದು ಕೂಗಿದಳು. ನೋಡಿ, ಒಳಗಿನದು ಈಗ ಆಚೆ ಬಂತು ಎಂದು ಬಿಡಿಸುವವ ಇನ್ನಷ್ಟು ಕೆಂಡ ಕೇಳಿದ.

ಶಾಖ ತನಗೆ ಏನು ಮಾಡುತ್ತದೆ ಎಂದು ಶಿವಗಂಗಾ ಬಲ್ಲರು. ಗುಂಪು ತಳ್ಳಿಕೊಂಡು ಒಳಗೆ ಹೋದರು. "ಬೆಂಕಿ ಮುಂದಿಂದ ಎತ್ರೋ ಅವಳ್ನ! ನೀರು ತರ್ರೋ!" ಎಂದು ಕೂಗಿದರು. ಯಾರೂ ಅಲುಗಲಿಲ್ಲ. ಮೀನಾ ಗಂಡ ಮುರಳಿ ಅಪ್ಪನ ಮುಖ ನೋಡಿದ. ಆಗ ಶಿವಗಂಗಾ ತಾವೇ ಮೀನಾಳ ತೋಳು ಹಿಡಿದು ಎಳೆಯಲು ಹೋಗಿ, ತಮ್ಮ ಕಾಲೂ ಸೋತು ಆಕೆಯ ಪಕ್ಕದಲ್ಲೇ ಬಿದ್ದರು. ಇಬ್ಬರು ಹೆಂಗಸರು ನೆಲದ ಮೇಲೆ. ಇವಳಿಗೂ ಹತ್ತಿಕೊಂಡಿತು ಎಂದು ಯಾರೋ ಕಿರುಚಿದರು.

"ಹತ್ಕಂಡಿಲ್ಲ. ನಂಗೆ ಮೊದ್ಲಿಂದ ಐತೆ. ಇದು ಗಾಳಿ ಅಲ್ಲ, ನರದ ಕಾಯಿಲೆ. ಬೆಂಗ್ಳೂರಾಗೆ ಸ್ಕ್ಯಾನ್ ಮಾಡ್ಸಿದ್ದೀನಿ. ಅವ್ಳಿಗೂ ಅದೇನಾ ನಂಗೊತ್ತಿಲ್ಲ. ಆದ್ರೆ ಮೊದ್ಲು ನೆರಳಿಗೆ ಹಾಕಿ ನಮ್ಮನ್ನ" ಎಂದು ಅವರು ಬಿದ್ದಲ್ಲಿಂದಲೇ ಹೇಳಿದರು.

ಮುರಳಿ ಮುಂದೆ ಬಂದ. ಇಬ್ಬರನ್ನೂ ಬೇವಿನ ಮರದ ಕೆಳಗೆ ಮಲಗಿಸಿ ಒದ್ದೆ ಬಟ್ಟೆ ಹೊದಿಸಿದರು. ಬಿಸಿಲು ಇಳಿಯುವಷ್ಟರಲ್ಲಿ ಶಿವಗಂಗಾ ಎದ್ದು ಕೂತಿದ್ದರು. ಮೀನಾಗೂ ಕಾಲ್ಬೆರಳು ಆಡಿದವು, ಕಣ್ಣು ಮೊದಲಿನ ಮಂಜಿನಷ್ಟಕ್ಕೆ ಬಂತು. ಮುನೆಪ್ಪ ಏನನ್ನೂ ಒಪ್ಪಲಿಲ್ಲ. ಮುರಳಿ ಮಾತ್ರ ಮಾರನೆಯ ದಿನವೇ ಹೆಂಡತಿಯನ್ನು ಅನಂತಪುರಕ್ಕೆ, ಅಲ್ಲಿಂದ ಬೆಂಗಳೂರಿಗೆ ಕರೆದೊಯ್ದ. ಮೀನಾಗೆ ಇದ್ದದ್ದೂ ಅದೇ ಕಾಯಿಲೆ.

ಶಿವಗಂಗಾ ಕಾಯಿಲೆಯ ಸುದ್ದಿ ಅವರಿಗಿಂತ ಮೊದಲೇ ಹಿಂದೂಪುರ ತಲುಪಿತ್ತು. ಘಟಕದಲ್ಲಿ ಅವರು ಮುಟ್ಟಿದ ಲೋಟವನ್ನು ಯಾರೂ ಮುಟ್ಟಲಿಲ್ಲ. ಮಾಲೀಕ ಆನಂದಕುಮಾರ್ ಕೆಟ್ಟವರಲ್ಲ, ಆದರೆ ಹೆದರಿದರು. "ಬಾಯ್ಲರ್ ಇರೋ ಜಾಗ ಕಣಮ್ಮ. ಬಿದ್ದು ಗಿದ್ದು ಏನಾದ್ರೂ ಆದ್ರೆ ನಾನೇನು ಮಾಡ್ಲಿ? ಮನೆಯಾಗಿರು ಸ್ವಲ್ಪ ದಿನ" ಎಂದರು. ಆ ಸ್ವಲ್ಪ ದಿನ ಮಳೆಗಾಲ ಮುಗಿಯುವವರೆಗೂ ಬೆಳೆಯಿತು. ಮನೆಯಲ್ಲಿ ರೇವತಿ ಒಂದು ಸಂಜೆ ಪುಸ್ತಕದಿಂದ ತಲೆಯೆತ್ತಿ, "ನಂಗೂ ಬತ್ತದಾ ಅಮ್ಮ?" ಎಂದು ಕೇಳಿಬಿಟ್ಟಳು. ಬೇರೆಯವರಿಗಿಂತ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನೇ ಶಿವಗಂಗಾ ಹೇಳಿದರು. ರೇವತಿ ಈಗ ಇಂಟರ್, ಅಂದರೆ ಇಲ್ಲಿನ ಪಿಯುಸಿ, ಓದುತ್ತಿದ್ದಾಳೆ. ಓದುತ್ತ ಕೂತವಳು ಎದ್ದು, "ಕಾಲು ಜೋಮು ಹಿಡೀತು" ಎಂದರೆ ಸಾಕು, ಈಗಲೂ ತಾಯಿಯ ಕೈಯ ಪಾತ್ರೆ ಅಲ್ಲೇ ನಿಲ್ಲುತ್ತದೆ.

ಕೊನೆಗೆ ಒಂದು ದಿನ ಅವರು ಕರೆಯದೆಯೇ ಘಟಕಕ್ಕೆ ಹೋದರು. ಊಟದ ಬಿಡುವಿನ ಹೊತ್ತು. ಹಳೆಯ ಸೀರೆ ಹರಿದು ಮಾಡಿದ ಪಟ್ಟಿಗಳನ್ನು ಚೀಲದಲ್ಲಿ ಒಯ್ದಿದ್ದರು. ಬೀರಕ್ಕನ ಬೆರಳುಗಳಿಗೆ ದಪ್ಪಗೆ ಬಟ್ಟೆ ಸುತ್ತಿ ಬೇಸಿನ್ ಮುಂದೆ ಕೂರಿಸಿದರು.

"ಈಗ ಎಳೆ ಹುಡುಕು."

ಬೀರಕ್ಕ ತಡಕಾಡಿದರು. ಗೂಡು ಜಾರಿತು. ಮತ್ತೆ ತಡಕಾಡಿದರು. ನಗುತ್ತಿದ್ದ ಉಳಿದವರು ಒಬ್ಬೊಬ್ಬರಾಗಿ ತಾವೂ ಬಟ್ಟೆ ಸುತ್ತಿಸಿಕೊಂಡರು. ಇಡೀ ಶೆಡ್ಡಿನಲ್ಲಿ ಒಂದು ಎಳೆಯೂ ಮೇಲೇಳಲಿಲ್ಲ.

"ನೀವು ಬಟ್ಟೆ ಬಿಚ್ಚಿದ್ರೆ ಆಯ್ತು. ನಂಗೆ ಅದು ಬಂದಾಗ ಬಿಚ್ಚೋಕಾಗಲ್ಲ. ಅಷ್ಟೇ ವ್ಯತ್ಯಾಸ ಕಣಮ್ಮಾ. ಮುಟ್ಟಿದ್ರೆ ಬರೋದಾಗಿದ್ರೆ ಇಷ್ಟು ವರ್ಷದಾಗೆ ನನ್ ಗಂಡಂಗೆ, ಮಗೀಗೆ ಬರ್ತಿರ್ಲಿಲ್ವಾ?" ಎಂದರು ಶಿವಗಂಗಾ. ಬೀರಕ್ಕ ಅಲ್ಲೇ ಅವರ ಲೋಟದಿಂದ ನೀರು ಕುಡಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆನಂದಕುಮಾರ್, ಬಾಯ್ಲರಿನಿಂದ ದೂರ, ಬೆಳಗಿನ ತಂಪಿನಲ್ಲಿ ಮಾತ್ರ ಕೆಲಸ ಎಂಬ ಏರ್ಪಾಡಿಗೆ ಒಪ್ಪಿದರು.

ಅಲ್ಲಿಂದ ಆ ಬಟ್ಟೆ ಪಟ್ಟಿಯ ಚೀಲ ಊರೂರು ತಿರುಗುತ್ತಿದೆ. ಮೈ ಸರಿಯಿದ್ದ ಭಾನುವಾರಗಳಂದು ಶಿವಗಂಗಾ ಬಸ್ಸು ಹತ್ತುತ್ತಾರೆ. ಸೋಮಂದೇಪಲ್ಲಿ, ರೊದ್ದಂ, ಕಲ್ಯಾಣದುರ್ಗ. ಮಹಿಳಾ ಸಂಘಗಳ ಸಭೆ, ಬೇರೆ ರೇಷ್ಮೆ ಘಟಕಗಳು, ಕರೆದರೆ ಕಾಲೇಜು. ಕನ್ನಡದಲ್ಲಿ ಶುರುಮಾಡಿ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತಾರೆ. ಎಂ.ಎಸ್. ಎಂದರೆ ಅದ್ಯಾವ ಡಿಗ್ರಿ ಎಂದು ಕೇಳಿದವರೂ ಇದ್ದಾರೆ. ಅಂಥವರಿಗೆ ಅವರದೊಂದು ವಿವರಣೆ ಇದೆ: "ಮೋಟರ್ ವೈರಿನ ರಬ್ಬರ್ ಇಲಿ ಕಡ್ದಂಗೆ. ಕರೆಂಟ್ ಮುಂದಕ್ಕೆ ಸರಿಯಾಗಿ ಹೋಗಲ್ಲ. ಆದ್ರೆ ಈ ಇಲಿ ಹೊರಗಿಂದು ಅಲ್ಲ, ನಮ್ಮನೇದೇ." ಆಮೇಲೆ ಒಂದೇ ಮಾತನ್ನು ತಿರುತಿರುಗಿ ಹೇಳುತ್ತಾರೆ. ಕೈಕಾಲು ಜೋಮು ಹಿಡಿದು ದಿನವಾದರೂ ಬಿಡದಿದ್ದರೆ, ಕಣ್ಣು ಒಮ್ಮೆಲೇ ಮಂಜಾದರೆ, ತಾನಾಗಿ ಹೋಯಿತೆಂದು ಸುಮ್ಮನಾಗಬೇಡಿ. ನರದ ಡಾಕ್ಟರಿಗೆ ತೋರಿಸಿ. ಎಲ್ಲ ಜೋಮೂ ಇದೇ ಕಾಯಿಲೆ ಅಲ್ಲ, ಹೆದರಬೇಡಿ. ಆದರೆ ಮುಚ್ಚಿಡಬೇಡಿ.

ಮುಚ್ಚಿಡಬೇಡಿ ಎನ್ನುವ ಶಿವಗಂಗಾ ಜೊತೆ ನಾನು ಕಲ್ಯಾಣದುರ್ಗದ ಬಸ್ಸಿನಲ್ಲಿ ಕೂತಿದ್ದೇನೆ. ಬಾಗಿಲ ಹತ್ತಿರದ ಸೀಟು. ಹಿಂದಿನ ಸಂಜೆಯಿಂದಲೇ ನೀರು ಕಡಿಮೆ ಕುಡಿದಿದ್ದಾರೆ, ಮೂತ್ರ ತಡೆಯಲಾಗದೆ ಬಸ್ಸು ನಿಲ್ಲಿಸಬೇಕಾಗಿ ಬಂದರೆ ಎಂಬ ಭಯಕ್ಕೆ. ಹಾಗೆ ಮಾಡಬಾರದೆಂದು ಡಾಕ್ಟರು ಬೈದಿದ್ದಾರಂತೆ. "ಡಾಕ್ಟ್ರು ಈ ಬಸ್ಸಾಗೆ ಬರಲ್ವಲ್ಲ" ಎನ್ನುತ್ತಾರೆ. ಪೆನುಕೊಂಡ ದಾಟಿದ ಮೇಲೆ ಅವರು ಮಾತು ನಿಲ್ಲಿಸಿದರು. ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಚಿವುಟಿ ನೋಡಿಕೊಳ್ಳುತ್ತಿದ್ದರು.

"ಏನಾಯ್ತು?" ಎಂದೆ.

"ಈ ಎರಡು ಬೆರಳು ವಾರದ ಮ್ಯಾಲಾಯ್ತು, ಇಲ್ಲ. ಬಿಸ್ಲಿಗೆ ಇರ್ಬೋದು ಅಂತ ಸುಮ್ನಿದ್ದೆ. ತಣ್ಣಗಾದ್ರೂ ಬರ್ತಿಲ್ಲ ಅಣ್ಣಾ." ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಮನೆಯಾಗೆ ಹೇಳಿಲ್ಲ. ರೇವತಿ ಪರೀಕ್ಷೆ ಮುಗೀಲಿ ಅಂತ. ನೀವೂ ಹೇಳ್ಬ್ಯಾಡಿ."

ಕಲ್ಯಾಣದುರ್ಗದ ಸಂಘದ ಕೋಣೆಯಲ್ಲಿ ಮೀನಾ ಕಾಯುತ್ತಿದ್ದರು. ಕೈಯಲ್ಲೊಂದು ಊರುಗೋಲು, ಪಕ್ಕದಲ್ಲಿ ಮುರಳಿ. ಸಭೆ ಶುರುವಾಯಿತು. ಮಾತಿನ ನಡುವೆ ಶಿವಗಂಗಾ ನಾಲಿಗೆ ತೊಡರತೊಡಗಿತು, ದಣಿದಾಗ ಹಾಗಾಗುತ್ತದೆ. ಬಟ್ಟೆ ಪಟ್ಟಿ ಸುತ್ತಲು ಹೋದಾಗ ಗಂಟು ಹಾಕಲಾಗಲಿಲ್ಲ. ಪಟ್ಟಿ ಎರಡು ಸಲ ಕೆಳಗೆ ಬಿತ್ತು. ಮೀನಾ ಎದ್ದು ಬಂದು ಅದನ್ನು ಕೈಗೆತ್ತಿಕೊಂಡರು. ಸುತ್ತಿದರು, ಮಾತನ್ನೂ ಮುಂದುವರಿಸಿದರು. ಕೊನೆಗೆ ಮುದುಕಿಯೊಬ್ಬರು, "ಇದಿ ಬಾಗುಪಡುತುಂದಾ ತಲ್ಲೀ?" ಎಂದು ಕೇಳಿದರು. ವಾಸಿಯಾಗುತ್ತದಾ ತಾಯೀ ಎಂದು. "ಲೇದಮ್ಮಾ" ಎಂದರು ಮೀನಾ. "ಇಲ್ಲ. ಆದ್ರೆ ಬೇಗ ಗೊತ್ತಾದ್ರೆ ಇಷ್ಟು ಕೆಡಲ್ಲ."

ಎಲ್ಲರೂ ಹೋದ ಮೇಲೆ ಮೀನಾ ಬಾಗಿಲು ಮುಂದೆ ಮಾಡಿದರು.

"ಅಕ್ಕಾ, ಎಷ್ಟು ದಿನ ಆಯ್ತು?"

"ಏನು?"

"ಕೈ."

ಶಿವಗಂಗಾ ಪಟ್ಟಿಗಳನ್ನು ಚೀಲಕ್ಕೆ ತುಂಬತೊಡಗಿದರು. ಮೀನಾ ದನಿ ಏರಿತು. "ನಂಗೆ ಬೆಂಕಿ ಮುಂದೆ ಬಿದ್ದು ಹೇಳ್ಕೊಟ್ಟಿದ್ದು ನೀನು. ಈಗ ನೀನೇ ಮುಚ್ಚಿಕ್ಕಂತೀಯಾ? ಭಾವನ ನಂಬರ್ ಹಾಕ್ರೀ" ಎಂದು ಗಂಡನಿಗೆ ಹೇಳಿ, ಶಿವಗಂಗಾ ಬೇಡ ಬೇಡ ಎನ್ನುತ್ತಿದ್ದಂತೆಯೇ ನರೇಂದ್ರಗೆ ಎಲ್ಲವನ್ನೂ ಫೋನಿನಲ್ಲಿ ಹೇಳಿಬಿಟ್ಟರು. ಆ ಕಡೆಯಿಂದ "ಬಸ್ ಬ್ಯಾಡ. ನಾನೇ ಬತ್ತೀನಿ, ಅಲ್ಲೇ ಕೂಡ್ಸು" ಎಂಬುದಷ್ಟೇ ಕೇಳಿಸಿತು.

ಸರಕು ಆಟೋದಲ್ಲಿ ಅಷ್ಟು ದೂರ ಬಂದ ನರೇಂದ್ರ ಹೆಂಡತಿಗೆ ಒಂದು ಮಾತೂ ಬೈಯಲಿಲ್ಲ. ಮುಂದಿನ ಸೀಟಿಗೆ ಹತ್ತಿಸಿ ಟವೆಲ್ ನೆನೆಸಿಕೊಟ್ಟರು. ಶಿವಗಂಗಾ ಮುಖ ಬಿಳಿಚಿತ್ತು. "ಈ ಸಲ ಕೈ ಹೋಗ್ಬುಟ್ರೆ ಗೂಡು ಆರ್ಸೋದೂ ಇಲ್ಲ ಕಣಣ್ಣ" ಎಂದು ನನಗೆ ಮೆಲ್ಲಗೆ ಹೇಳಿದರು. ಅವರ ನಗು ಎಲ್ಲೂ ಇರಲಿಲ್ಲ.

ಸ್ಕ್ಯಾನಿನಲ್ಲಿ ಹೊಸದೊಂದು ಕಲೆ ಕಂಡಿತು. ಬೆಂಗಳೂರಿನಲ್ಲಿ ಸೇರಿಸಿಕೊಂಡು ಕೆಲವು ದಿನ ಡ್ರಿಪ್ ಹಾಕಿದರು, ಔಷಧಿ ಬದಲಿಸಿದರು. ಎಷ್ಟು ಮರಳುತ್ತದೆ ಎಂದು ಈಗಲೇ ಹೇಳಲಾಗದು ಎಂದಿದ್ದಾರೆ. ಪರೀಕ್ಷೆಯ ನಡುವೆಯೇ ರೇವತಿಗೆ ವಿಷಯ ಗೊತ್ತಾಯಿತು. ಅವಳು ಅಳಲಿಲ್ಲ, ಯಾಕೆ ಹೇಳಲಿಲ್ಲ ಎಂದು ಜಗಳವಾಡಿದಳಂತೆ.

ಈ ಬರಹ ಮುಗಿಸುವ ಮೊದಲು ಹಿಂದೂಪುರದ ಮನೆಗೆ ಹೋದಾಗ ಶಿವಗಂಗಾ ಕಿಟಕಿಯ ಪಕ್ಕ ಕೂತಿದ್ದರು. ಒಂದು ಬೆರಳಿಗೆ ಸ್ಪರ್ಶ ಬಂದಿದೆ, ಇನ್ನೊಂದಕ್ಕೆ ಇಲ್ಲ. ಕೆಲಸಕ್ಕೆ ಯಾವಾಗ ಹೋಗುವುದೋ ಗೊತ್ತಿಲ್ಲ. ಆದರೆ ಅವರಿಗೆ ಹೇಳಬೇಕಾಗಿದ್ದ ಸುದ್ದಿ ಬೇರೆ ಇತ್ತು. ಅವರು ಒಪ್ಪಿಕೊಂಡಿದ್ದ ರೊದ್ದಂ ಸಭೆಗೆ ಆ ಭಾನುವಾರ ಮೀನಾ ಒಬ್ಬರೇ ಹೋಗಿ ಬಂದಿದ್ದರು.

"ನಾನಿಲ್ದಿದ್ರೂ ನಡೀತು" ಎಂದರು. ಬೇಸರವೋ ಸಮಾಧಾನವೋ ತಿಳಿಯದ ದನಿ. ಆಮೇಲೆ ಮುಂದಕ್ಕೆ ಬಾಗಿದರು.

"ಸಭೆ ಆದ್ಮ್ಯಾಕೆ ಒಬ್ಳು ಹುಡುಗೀನ ಕರ್ಕೊಂಡು ಬಂದಿದ್ರಂತೆ. ಕಾಲು ಎಳೀತಾಳಂತೆ, ಒಂದು ತಿಂಗ್ಳಿಂದ. ಯಾವ ಡಾಕ್ಟ್ರ ಹತ್ರ ಹೋಗ್ಬೇಕು ಅಂತ ಕೇಳಿದ್ರಂತೆ. ಕರ್ಕೊಂಡು ಬಂದಿದ್ದು ಯಾರು ಗೊತ್ತಾ ಅಣ್ಣಾ? ಅವ್ರಪ್ಪ ಅಲ್ಲ, ಅಮ್ಮ ಅಲ್ಲ."

ಬಾಗಿಲಲ್ಲಿ ನಿಂತಿದ್ದ ಸಣ್ಣಕ್ಕನ ಕಡೆ ಒಮ್ಮೆ ನೋಡಿದರು.

"ಅತ್ತೆ ಕಣಣ್ಣ. ಗಂಡನ ಮನೆ ಅತ್ತೆಯೇ ಕೈ ಹಿಡ್ಕೊಂಡು ಬಂದಿದ್ರಂತೆ."